ಆಟ ಎಲ್ಲಿಗೆ ನಿಂತಿತ್ತು?

ನಮ್ಮೂರಲ್ಲಿ ದೊಡ್ಡಾಟದ ತಾಲೀಮು ಶುರುವಾಗುತ್ತಿದ್ದದ್ದು ಸುಗ್ಗಿ ಮುಗಿದು ಕಣ ಖಾಲಿಯಾದ ಮೇಲೆ. ಊರು ಕೊಟ್ಟೂರಿಗೆ ಹತ್ತಿರದ್ದು. ಹಗಲೆಲ್ಲ ದುಡಿದು ಬಂದವರು ರಾತ್ರಿ ಉಂಡು ಗುಡಿಯ ಮುಂದೆ ಸೇರುತ್ತಿದ್ದರು. ಆಟ ಕಲಿಸುತ್ತಿದ್ದವರು ನನ್ನ ಅಜ್ಜನ ತಮ್ಮ. ನಮಗೆ ಸಣ್ಣಜ್ಜ, ಊರಿಗೆ ಮಾಸ್ತರು. ನಡುರಾತ್ರಿ ದಾಟಿದ ಮೇಲೆ ಅವರು ತಾಳ ಕೆಳಗಿಟ್ಟರೆ ಅವತ್ತಿನ ಮಟ್ಟಿಗೆ ಆಟ ನಿಂತಿತು ಎಂದು ಅರ್ಥ. ರತಿ ಕಲ್ಯಾಣದ ಪದ ಅರ್ಧಕ್ಕೇ ನಿಂತಿರಬಹುದು, ಸಾರಥಿಯ ಮಾತು ಬಾಯಲ್ಲೇ ಉಳಿದಿರಬಹುದು. ಎಲ್ಲರೂ ಎದ್ದು ಮನೆಗೆ ಹೋಗುತ್ತಿದ್ದರು. ಮರುದಿನ ರಾತ್ರಿ ಅದೇ ಪದದ ಅದೇ ನುಡಿಯಿಂದ, ಅದೇ ಲಯದಲ್ಲಿ, ನಡುವೆ ಒಂದು ಹಗಲು ಕಳೆದೇ ಇಲ್ಲವೇನೋ ಎಂಬಂತೆ ಆಟ ಮುಂದುವರಿಯುತ್ತಿತ್ತು.

ಸಣ್ಣವನಿದ್ದಾಗ ನನಗೆ ಇದೊಂದು ದೊಡ್ಡ ಬೆರಗು. ಒಮ್ಮೆ ಕೇಳಿಯೇಬಿಟ್ಟೆ: "ಅಜ್ಜಾ, ನಿನ್ನೆ ಎಲ್ಲಿಗೆ ನಿಂತಿತ್ತು ಅಂತ ಹೆಂಗೆ ಗೊತ್ತಾಗುತ್ತೆ?" ಅವರು ತೊಡೆಯ ಮೇಲಿದ್ದ ಆಟದ ನೋಟ್‌ಬುಕ್ಕನ್ನು ತೋರಿಸಿದರು. ಆಮೇಲೆ ಹೇಳಿದರು: "ಯಾವ ಪದಕ್ಕೆ ನಿಂತಿತ್ತು ಅಂತ ಗೊತ್ತಿದ್ರೆ ಸಾಲಲ್ಲ ತಮ್ಮಾ. ಯಾರ್ ಯಾರು ಎಲ್ಲೆಲ್ಲಿ ನಿಂತಿದ್ರು, ಯಾರ ಉಸಿರು ಎಲ್ಲಿಗೆ ಬಂದಿತ್ತು, ಅದೂ ಗೊತ್ತಿರಬೇಕು."

ಬೆಂಗಳೂರಿನಲ್ಲಿ ನಾನೀಗ ಹೊಟ್ಟೆ ಹೊರೆಯುವುದು ಇದೇ ಪ್ರಶ್ನೆಯನ್ನು ಯಂತ್ರಗಳಿಗೆ ಕೇಳಿ. ಓಡುತ್ತಿರುವ ಒಂದು ಪ್ರೋಗ್ರಾಮನ್ನು ನಡುದಾರಿಯಲ್ಲಿ ನಿಲ್ಲಿಸಿ, ಅದರ ಅಷ್ಟೂ ಸ್ಥಿತಿಯನ್ನು ಕಡತಗಳಲ್ಲಿ ಬರೆದಿಟ್ಟು, ಬೇರೆ ಹೊತ್ತಿನಲ್ಲೋ ಬೇರೆ ಯಂತ್ರದಲ್ಲೋ ಅದೇ ಬಿಂದುವಿನಿಂದ ಮತ್ತೆ ಓಡಿಸುವುದು. ಇದಕ್ಕೆ ಚೆಕ್‌ಪಾಯಿಂಟ್ ಮತ್ತು ರಿಸ್ಟೋರ್ ಎನ್ನುತ್ತಾರೆ. ಈ ಕೆಲಸ ಮಾಡುವ ಉಪಕರಣಗಳಲ್ಲಿ ಮುಖ್ಯವಾದದ್ದು ಕ್ರಿಯು. ಸಾಹಿತ್ಯ ಪತ್ರಿಕೆಯಲ್ಲಿ ಇದೆಂಥ ಮಾತು ಎಂದು ಓದುಗರು ಹುಬ್ಬೇರಿಸಬಹುದು. ಆದರೆ 'ಉಳಿಸುವುದು' ಎಂಬ ಕ್ರಿಯಾಪದವನ್ನು ನಾವು, ಅಂದರೆ ಜನಪದ ಪಠ್ಯಗಳನ್ನು ಸಂಗ್ರಹಿಸುವವರು, ಅಚ್ಚು ಹಾಕುವವರು, ಅವುಗಳ ಬಗ್ಗೆ ಬರೆಯುವವರು, ಎಷ್ಟು ಸಡಿಲವಾಗಿ ಬಳಸುತ್ತ ಬಂದಿದ್ದೇವೆ ಎಂಬುದು ನನಗೆ ಹೊಳೆದದ್ದು ಈ ಉಪಕರಣದ ಜೊತೆ ಏಗುವಾಗಲೇ. ಆ ತಪ್ಪನ್ನು ನಾನೂ ಮಾಡಿದ್ದೇನೆ. ಅದನ್ನು ಕೊನೆಗೆ ಹೇಳುತ್ತೇನೆ.

*

ಮೊದಲು ಕಂಟೇನರ್ ಎಂದರೇನು ಎಂದು ಎರಡು ಮಾತು. ಒಂದು ಪ್ರೋಗ್ರಾಂ, ಅದಕ್ಕೆ ಬೇಕಾದ ಸಾಮಾನು ಸರಂಜಾಮು, ಸುತ್ತ ಒಂದು ಬೇಲಿ. ಒಂದೇ ಯಂತ್ರದಲ್ಲಿ ನೂರು ಕಂಟೇನರ್‌ಗಳು ಓಡುತ್ತಿದ್ದರೂ ಒಳಗಿರುವ ಪ್ರತಿಯೊಂದು ಪ್ರೋಗ್ರಾಮಿಗೂ ಇಡೀ ಯಂತ್ರ ತನ್ನದೇ ಎಂಬಂತೆ ಕಾಣುತ್ತದೆ. 2013ರಲ್ಲಿ ಡಾಕರ್ ಬಂದ ಮೇಲೆ ಈ ಪದ್ಧತಿ ಎಲ್ಲ ಕಡೆ ಹಬ್ಬಿತು. ಕಂಟೇನರನ್ನು ಶುರು ಮಾಡುವುದಕ್ಕೆ ಒಂದು ಇಮೇಜ್ ಬೇಕು. ಇಮೇಜ್ ಎಂದರೆ ಕಟ್ಟಿಟ್ಟ ಗಂಟು. ಒಂದೇ ಇಮೇಜಿನಿಂದ ಎಷ್ಟು ಸಲ ಬೇಕಾದರೂ, ಎಲ್ಲಿ ಬೇಕಾದರೂ ಹೊಸದಾಗಿ ಶುರು ಮಾಡಬಹುದು. ಆದರೆ ಪ್ರತಿ ಸಲವೂ ಅದು ಗಣೇಶಸ್ತುತಿಯಿಂದಲೇ ಶುರುವಾಗುತ್ತದೆ. ನಿನ್ನೆ ರಾತ್ರಿ ಆಟ ಎಲ್ಲಿಗೆ ಬಂದಿತ್ತು ಎಂಬುದು ಇಮೇಜಿಗೆ ಗೊತ್ತಿರುವುದಿಲ್ಲ.

ಓಡುತ್ತಿರುವ ಕಂಟೇನರಿನ ಒಳಗೆ ಗಳಿಗೆ ಗಳಿಗೆಗೂ ಕಟ್ಟಿಕೊಳ್ಳುತ್ತ ಹೋಗುವುದೇ ಬೇರೆ: ಮೆಮೊರಿಯಲ್ಲಿ ತುಂಬಿದ ಪುಟಗಳು, ತೆರೆದ ಕಡತಗಳು ಮತ್ತು ಅವುಗಳಲ್ಲಿ ಓದು ಎಲ್ಲಿಗೆ ಬಂದಿದೆ ಎಂಬ ಗುರುತು, ಅರ್ಧ ಎಣಿಸಿದ ಗಡುವುಗಳು, ಹೊರಗಿನವರ ಜೊತೆ ನಡೆಯುತ್ತಿರುವ ಮಾತುಕತೆ. ಇದಕ್ಕೆ ಸ್ಥಿತಿ ಎನ್ನೋಣ. ವಿದ್ಯುತ್ ಹೋದರೆ ಇಮೇಜ್ ಉಳಿಯುತ್ತದೆ, ಸ್ಥಿತಿ ಹೋಗುತ್ತದೆ.

ಸ್ಥಿತಿಯನ್ನು ಉಳಿಸುವ ಆಸೆ ಹಳೆಯದು. ಲಿನಕ್ಸಿನಲ್ಲಿ ಇದನ್ನು ಪೂರ್ತಿಯಾಗಿ ಕರ್ನಲ್ ಒಳಗೇ ಮಾಡಬೇಕೆಂದು ಹೊರಟ ಪ್ರಯತ್ನವೊಂದು ತೀರ ದೊಡ್ಡದಾಗಿ ಬೆಳೆದು, ಕೊನೆಗೂ ಒಪ್ಪಿಗೆ ಸಿಗದೆ ಉಳಿಯಿತು. 2011ರಲ್ಲಿ ಪಾವೆಲ್ ಎಮೆಲ್ಯಾನೋವ್ ಮತ್ತವರ ಜೊತೆಗಾರರು ಬೇರೆ ದಾರಿ ಹಿಡಿದರು. ಕರ್ನಲ್‌ನಿಂದ ಕೇಳಬೇಕಾದ್ದನ್ನು ಮಾತ್ರ ಕೇಳಿ, ಮಿಕ್ಕ ಕೆಲಸವನ್ನು ಹೊರಗೇ ಮಾಡುವ ದಾರಿ ಅದು. ಇದಕ್ಕೆ ಬೇಕಾದ ಮೊದಲ ಬದಲಾವಣೆಗಳನ್ನು 2012ರ ಆರಂಭದಲ್ಲಿ ಕರ್ನಲ್‌ಗೆ ಸೇರಿಸಿಕೊಂಡ ಹಿರಿಯ ನಿರ್ವಾಹಕ ಆಂಡ್ರ್ಯೂ ಮಾರ್ಟನ್ ಇದು ಪೂರ್ತಿ ಕೆಲಸ ಮಾಡೀತೆಂಬ ಭರವಸೆ ತನಗಿಲ್ಲವೆಂದು ಬಹಿರಂಗವಾಗಿಯೇ ಬರೆದಿದ್ದರು. 2013ರ ನವೆಂಬರಿನಲ್ಲಿ ಕ್ರಿಯುವಿನ 1.0 ಆವೃತ್ತಿ ಬಂತು. ಆಮೇಲೆ ಡಾಕರ್, ಪಾಡ್‌ಮನ್‌ಗಳು ಇದನ್ನು ಅಳವಡಿಸಿಕೊಂಡವು. ಯಂತ್ರದಿಂದ ಯಂತ್ರಕ್ಕೆ ಕೆಲಸಗಳನ್ನು ಸಾಗಿಸಲು ಇದನ್ನು ಬಳಸುತ್ತಿರುವುದಾಗಿ 2018ರಲ್ಲಿ ಗೂಗಲ್ ಎಂಜಿನಿಯರುಗಳು ಹೇಳಿದರು.

*

ಈಗ ನಮ್ಮ ಕಡೆಯ ಪುಸ್ತಕಗಳಿಗೆ ಬರೋಣ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಬಯಲಾಟಗಳು, ಗೊರವರ ಹಾಡು, ಜೋಗತಿಯರ ಹಾಡು, ಬೀಸುವ ಪದ ಇವೆಲ್ಲ ಅಚ್ಚಾಗುತ್ತ ಬಂದಿವೆ. 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಶುರುವಾದ ಮೇಲೆ ಈ ಕೆಲಸಕ್ಕೆ ಇನ್ನಷ್ಟು ಬಲ ಬಂತು. ಊರೂರು ಅಲೆದು, ಟೇಪ್ ರೆಕಾರ್ಡರ್ ಹೊತ್ತು, ರಾತ್ರಿ ನಿದ್ದೆಗೆಟ್ಟು ಮಾಡಿದ ಕೆಲಸ ಅದು. ಅದನ್ನು ಹಗುರ ಮಾಡುವ ಉದ್ದೇಶ ನನಗಿಲ್ಲ. ಆದರೆ ಇಂಥ ಪುಸ್ತಕಗಳ ಮುನ್ನುಡಿಗಳಲ್ಲಿ ಮತ್ತೆ ಮತ್ತೆ ಬರುವ 'ಅಳಿವಿನಂಚಿನಲ್ಲಿರುವ ಕಲೆಯನ್ನು ಉಳಿಸುವ' ಎಂಬ ಮಾತಿನ ಮುಂದೆ ನಿಂತು ಕೇಳಬೇಕಾದ ಪ್ರಶ್ನೆ ಒಂದಿದೆ. ಉಳಿಸಿದ್ದು ಇಮೇಜನ್ನೋ, ಸ್ಥಿತಿಯನ್ನೋ?

ಅಚ್ಚಾದ ದೊಡ್ಡಾಟದ ಪುಸ್ತಕ ಒಂದು ಇಮೇಜ್. ಅದರಲ್ಲಿ ಪದಗಳಿವೆ, ಮಾತುಗಳಿವೆ, ರಾಗ ತಾಳಗಳ ಹೆಸರೂ ಇರಬಹುದು. ಅದರಿಂದ ಯಾರು ಬೇಕಾದರೂ ಹೊಸದಾಗಿ ಆಟ ಶುರು ಮಾಡಬಹುದು. ಆದರೆ ಮಾಸ್ತರು ತಾಳ ಕೆಳಗಿಟ್ಟ ಗಳಿಗೆ ಅದರಲ್ಲಿಲ್ಲ. ಮೂವತ್ತು ರಾತ್ರಿಗಳ ತಾಲೀಮಿನಲ್ಲಿ ಕೃಷ್ಣನ ಪಾತ್ರದವನ ಗಂಟಲು ಯಾವ ಪಟ್ಟಿಗೆ ಕೂತಿತು, ಅದಕ್ಕಾಗಿ ಹಾರ್ಮೋನಿಯಂನವನು ಏನು ಬಿಟ್ಟುಕೊಟ್ಟ, ಅಭಿಮನ್ಯು ಸಾಯುವ ಹೊತ್ತಿಗೆ ಹೆಣ್ಣುಮಕ್ಕಳು ಅಳುತ್ತಾರೆಂದು ಮದ್ದಲೆಯವನು ಎಷ್ಟು ಹೊತ್ತು ಕಾಯಬೇಕು, ಇವೆಲ್ಲ ಸ್ಥಿತಿಗೆ ಸೇರಿದವು.

ವಿಡಿಯೊ ಇದೆಯಲ್ಲ ಎನ್ನಬಹುದು. ವಿಡಿಯೊ ಇಮೇಜೂ ಅಲ್ಲ, ಚೆಕ್‌ಪಾಯಿಂಟೂ ಅಲ್ಲ. ಅದನ್ನು ಮತ್ತೆ ನೋಡಬಹುದು, ಮುಂದುವರಿಸಲಾಗದು. ಒಂದೂವರೆ ಗಂಟೆಗೆ ವಿಡಿಯೊ ನಿಲ್ಲಿಸಿ, ಅಲ್ಲಿಂದ ಮುಂದೆ ಸಾರಥಿಯ ಬಾಯಲ್ಲಿ ಈ ವರ್ಷದ ಮಳೆಯ ಮಾತು ಹೇಳಿಸಲು ಸಾಧ್ಯವಿಲ್ಲ. ಚೆಕ್‌ಪಾಯಿಂಟಿನ ಪ್ರಾಣವೇ ಮುಂದುವರಿಕೆ. ಮತ್ತೆ ಎದ್ದ ಪ್ರೋಗ್ರಾಂ ಹಳೆಯದನ್ನು ಪುನಃ ಮಾಡುವುದಿಲ್ಲ. ಇನ್ನೂ ಮಾಡದೆ ಇದ್ದದ್ದನ್ನು ಮಾಡುತ್ತದೆ. ನಮ್ಮ ಭಂಡಾರಗಳಲ್ಲಿ ಮರುಪ್ರಸಾರಕ್ಕೆ ಬೇಕಾದ್ದು ಬೇಕಾದಷ್ಟಿದೆ. ಮುಂದುವರಿಕೆಗೆ ಬೇಕಾದ್ದು ತೀರ ಕಡಿಮೆ.

ಜಾನಪದ ವಿದ್ವಾಂಸರಿಗೆ ಇದು ಗೊತ್ತಿಲ್ಲದ್ದೇನಲ್ಲ. ಪಠ್ಯದಷ್ಟೇ ಪ್ರದರ್ಶನ ಮತ್ತು ಸಂದರ್ಭ ಮುಖ್ಯವೆಂಬ ಚರ್ಚೆ ಕನ್ನಡದಲ್ಲೂ ದಶಕಗಳಿಂದ ನಡೆದಿದೆ. ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಯ ಮುದೇನೂರು ಸಂಗಣ್ಣನವರ ಎರಡು ಪುಸ್ತಕಗಳ ಹೆಸರನ್ನೇ ನೋಡಿ: 'ಚಿಗಟೇರಿ ಪದಕೋಶ', 'ಗೊಂದಲಿಗರ ದೇವೇಂದ್ರಪ್ಪನ ಆಟಗಳು'. ಪದಕ್ಕೆ ಊರಿನ ವಿಳಾಸವಿದೆ, ಆಟಕ್ಕೆ ಆಡಿದವನ ಹೆಸರಿದೆ. ಪದಗಳು ಗಾಳಿಯಲ್ಲಿ ತೇಲುವುದಿಲ್ಲ, ಒಂದು ಊರಿನ ನೆಲಕ್ಕೆ ಕಾಲೂರಿವೆ ಎಂಬ ಎಚ್ಚರ ಆ ಹೆಸರುಗಳಲ್ಲೇ ಇದೆ. ಆದರೆ ಎಚ್ಚರವೇ ಪದ್ಧತಿಯಾಗಲಿಲ್ಲ. ಬಹಳಷ್ಟು ಸಂಗ್ರಹಗಳಲ್ಲಿ ಸಂದರ್ಭ ಎಂಬುದು ಕೊನೆಯ ಪುಟದ ಅನುಬಂಧಕ್ಕೆ ಸೀಮಿತವಾಯಿತು: ವಕ್ತೃವಿನ ಹೆಸರು, ವಯಸ್ಸು, ಜಾತಿ, ಊರು.

*

ಕ್ರಿಯುವಿನಲ್ಲಿ ನನಗೆ ಅತ್ಯಂತ ಗೌರವ ಮೂಡಿಸಿದ್ದು ಅದರ ಜಾಣತನವಲ್ಲ, ಅದರ ನಿರಾಕರಣೆ. ಅದು ಎಲ್ಲವನ್ನೂ ಉಳಿಸಲು ಒಪ್ಪುವುದಿಲ್ಲ.

ಒಂದು ಪ್ರೊಸೆಸ್ಸನ್ನು ಉಳಿಸು ಎಂದಾಗ ಅದು ಮೊದಲು ನೋಡುವುದು ಈ ಪ್ರೊಸೆಸ್ಸಿನ ಕೈಯಲ್ಲಿರುವ ಹಗ್ಗಗಳ ಇನ್ನೊಂದು ತುದಿ ಎಲ್ಲಿದೆ ಎಂದು. ಎರಡೂ ತುದಿ ಬೇಲಿಯ ಒಳಗಿದ್ದರೆ ತೊಂದರೆಯಿಲ್ಲ. ಒಂದು ತುದಿ ಹೊರಗಿದ್ದರೆ ಅದು ಕೆಲಸ ನಿಲ್ಲಿಸಿ, ತನ್ನಿಂದಾಗದು ಎಂದು ದಾಖಲೆಯಲ್ಲಿ ಬರೆಯುತ್ತದೆ. ಹೊರಗಿನ ಟರ್ಮಿನಲ್‌ಗೆ ಅಂಟಿಕೊಂಡಿದ್ದರೆ ಆಗದು. 'ಇದು ಶೆಲ್ ಜಾಬ್, ನನಗೆ ಗೊತ್ತಿದೆ' ಎಂದು ನೀವು ಬೇರೆಯಾಗಿ ಹೇಳಬೇಕು. ದೂರದ ಯಾವುದೋ ಯಂತ್ರದ ಜೊತೆ ಟಿಸಿಪಿ ಸಂಪರ್ಕ ತೆರೆದಿದ್ದರೆ ಆಗದು. ಅದಕ್ಕೂ ಬೇರೆ ಆಯ್ಕೆ ಕೊಡಬೇಕು. ಕಡತಕ್ಕೆ ಬೀಗ ಹಾಕಿಕೊಂಡಿದ್ದರೆ ಅದಕ್ಕೂ ಇನ್ನೊಂದು. ಪ್ರತಿಯೊಂದು ಆಯ್ಕೆಯೂ ಒಂದು ಜವಾಬ್ದಾರಿ ಪತ್ರವಿದ್ದಂತೆ: ಈ ಸಂಬಂಧ ನನ್ನ ಗಮನದಲ್ಲಿದೆ, ಮತ್ತೆ ಎಬ್ಬಿಸುವಾಗ ಇದರ ಇನ್ನೊಂದು ತುದಿಯನ್ನು ನಾನು ನೋಡಿಕೊಳ್ಳುತ್ತೇನೆ.

ಟಿಸಿಪಿ ಸಂಪರ್ಕವನ್ನು ಉಳಿಸುವ ಬಗೆಯಂತೂ ಕತೆಯ ಹಾಗಿದೆ. ಇದಕ್ಕಾಗಿ 2012ರಲ್ಲಿ ಲಿನಕ್ಸ್ 3.5ಕ್ಕೆ 'ರಿಪೇರ್' ಎಂಬ ಸ್ಥಿತಿಯನ್ನೇ ಸೇರಿಸಿದರು. ಪ್ರೋಗ್ರಾಮನ್ನು ನಿಲ್ಲಿಸಿದ ಗಳಿಗೆಯಿಂದ ಆ ಸಂಪರ್ಕಕ್ಕೆ ಬರುವ ಪೊಟ್ಟಣಗಳನ್ನು ಬಾಗಿಲಲ್ಲೇ ತಡೆದು ಕೆಳಗೆ ಹಾಕುತ್ತಾರೆ, ಯಾರೂ ಉತ್ತರಿಸಬಾರದೆಂದು. ಉತ್ತರಿಸಿದರೆ ಇಲ್ಲಿ ಯಾರೂ ಇಲ್ಲವೆಂದು ಆ ಕಡೆಯವರಿಗೆ ತಿಳಿದು ಸಂಪರ್ಕ ಮುರಿಯುತ್ತದೆ. ಬರಿಯ ಮೌನವಿದ್ದರೆ ಆ ಕಡೆಯವರು ಕಾಯುತ್ತಾರೆ, ಮತ್ತೆ ಮತ್ತೆ ಕಳಿಸಿ ನೋಡುತ್ತಾರೆ. ಅವರ ತಾಳ್ಮೆ ಮುಗಿಯುವುದರೊಳಗೆ ಈ ಕಡೆ ಎದ್ದು ಕೂರಬೇಕು. ಅಂದರೆ ನಮ್ಮ ಉಳಿಕೆಯ ಅರ್ಧ ಭಾಗ ಇರುವುದು ಕಾಯುವವರಲ್ಲಿ.

ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕವನ್ನು ಈ ಬೆಳಕಿನಲ್ಲಿ ನೋಡಬೇಕು. ಭರತ ಹುಣ್ಣಿಮೆಯ ಜಾತ್ರೆಯ ಹೊತ್ತಿಗೆ ಡೆಂಕನಮರಡಿಯಲ್ಲಿ ಲಕ್ಷಗಟ್ಟಲೆ ಜನ ಸೇರಿರುತ್ತಾರೆ. ಗೊರವಯ್ಯ ಎತ್ತರದ ಬಿಲ್ಲನ್ನು ಏರುತ್ತಾನೆ. 'ಸದ್ದಲೇ' ಎಂಬ ಒಂದು ಕೂಗಿಗೆ ಅಷ್ಟೂ ಜನ ಉಸಿರು ಬಿಗಿಹಿಡಿಯುತ್ತಾರೆ. ಅವನು ಒಂದೇ ಒಂದು ಮಾತು ನುಡಿದು ಮೇಲಿನಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿಯುತ್ತಾರೆ. ಮರುದಿನದ ಪತ್ರಿಕೆಯಲ್ಲಿ ಆ ಒಂದು ಸಾಲು, ಜೊತೆಗೆ ಮಳೆ ಬೆಳೆಗೋ ರಾಜಕೀಯಕ್ಕೋ ಹೊಂದಿಸಿದ ಅರ್ಥ ಬರುತ್ತದೆ. ಸಾಲು ಉಳಿಯಿತು. ಆದರೆ ಆ ಸಾಲು ಒಂದು ತುದಿ ಮಾತ್ರ. ಅದರ ಇನ್ನೊಂದು ತುದಿ ಆ ಲಕ್ಷ ಜನರ ಮೌನದಲ್ಲಿತ್ತು, ಹಿಡಿಯಲು ಚಾಚಿದ ಕೈಗಳಲ್ಲಿತ್ತು, ಆ ವರ್ಷದ ಜೋಳದ ಹೊಲದಲ್ಲಿತ್ತು. ಹಲವು ವರ್ಷಗಳ ಕಾರಣಿಕಗಳನ್ನು ಒಂದರ ಕೆಳಗೊಂದು ಪಟ್ಟಿ ಮಾಡಿ 'ಇಗೋ ಉಳಿಸಿದೆವು' ಎಂದರೆ ಕ್ರಿಯು ಒಪ್ಪುತ್ತಿರಲಿಲ್ಲ. ಹಗ್ಗದ ಇನ್ನೊಂದು ತುದಿ ಹೊರಗಿದೆ, ಅದನ್ನು ಏನು ಮಾಡುತ್ತೀರಿ ಎಂದು ಕೇಳಿ ನಿಲ್ಲುತ್ತಿತ್ತು.

ನಮ್ಮ ಸಂಗ್ರಹಗಳು ಹೀಗೆ ಎಂದೂ ನಿಲ್ಲುವುದಿಲ್ಲ. ಕೊಟ್ಟದ್ದನ್ನೆಲ್ಲ ಒಪ್ಪಿಕೊಳ್ಳುತ್ತವೆ. ಇದು ನನ್ನ ಮುಖ್ಯ ತಕರಾರು. ಏನನ್ನು ಉಳಿಸಲಾಗಲಿಲ್ಲ ಎಂದು ಹೇಳದ ಸಂಗ್ರಹ ಎಲ್ಲವೂ ಉಳಿದಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಆ ಭ್ರಮೆಯಿಂದಲೇ 'ಪುಸ್ತಕ ಬಂತಲ್ಲ' ಎಂಬ ನೆಮ್ಮದಿ ಬರುತ್ತದೆ. ಆ ನೆಮ್ಮದಿಯಲ್ಲಿ ಆಟ ಆಡುವ ಊರನ್ನು ಮರೆಯುವುದು ಸುಲಭ.

*

ಸಂಬಂಧ ಕಡಿದರೆ ಒಳಗಿನದು ಹಾಗೇ ಇದ್ದೂ ಹೇಗೆ ಬಡವಾಗುತ್ತದೆ ಎಂಬುದಕ್ಕೆ ನಮ್ಮ ಸೀಮೆಯಲ್ಲೇ ಒಂದು ಉದಾಹರಣೆ ಇದೆ. ಅದು ಕಲೆಯದಲ್ಲ, ಆಡಳಿತದ್ದು. ಹರಪನಹಳ್ಳಿಯನ್ನು 1997ರಲ್ಲಿ ಬಳ್ಳಾರಿಯಿಂದ ತೆಗೆದು ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಿದರು. ಊರು ಇದ್ದಲ್ಲೇ ಇತ್ತು. ಕೆರೆ, ಸಂತೆ, ಜನ ಎಲ್ಲ ಅವೇ. ಆಮೇಲೆ ಸಂವಿಧಾನದ 371ಜೆ ವಿಧಿ ಬಂತು. ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ, ಬಳ್ಳಾರಿಗೂ ಸೇರಿ, ಓದು ಮತ್ತು ಉದ್ಯೋಗದಲ್ಲಿ ವಿಶೇಷ ಅವಕಾಶ ಸಿಕ್ಕಿತು. ಪಕ್ಕದ ಹಡಗಲಿಯ ಹುಡುಗನಿಗೆ ಸಿಕ್ಕದ್ದು ಹರಪನಹಳ್ಳಿಯ ಹುಡುಗನಿಗೆ ಸಿಗಲಿಲ್ಲ. ಹೋರಾಟ ನಡೆದು 2018ರಲ್ಲಿ ತಾಲ್ಲೂಕು ಮತ್ತೆ ಬಳ್ಳಾರಿಗೆ ಸೇರಿತು. 2021ರಲ್ಲಿ ಉಳಿದ ನಾಲ್ಕು ತಾಲ್ಲೂಕು ಮತ್ತು ಹೊಸಪೇಟೆಯ ಜೊತೆ ವಿಜಯನಗರ ಜಿಲ್ಲೆಯಾಯಿತು. ಒಳಗಿನದೆಲ್ಲ ಸರಿಯಾಗಿ ಸಾಗಿಸಿದ್ದರೂ ಹೊರಗಿನ ಒಂದು ತಂತಿ ಕಡಿದರೆ ಏನಾಗುತ್ತದೆಂದು ಹರಪನಹಳ್ಳಿಯವರಿಗೆ ಯಾವ ಎಂಜಿನಿಯರೂ ಪಾಠ ಹೇಳಬೇಕಿಲ್ಲ.

ಮತ್ತೆ ಎಬ್ಬಿಸುವುದಕ್ಕೂ ಕ್ರಿಯುವಿನ ಷರತ್ತುಗಳು ಬಿಗಿ. ಲಿನಕ್ಸಿನಲ್ಲಿ ಪ್ರತಿ ಪ್ರೊಸೆಸ್‌ಗೂ ಒಂದು ನಂಬರ್ ಇರುತ್ತದೆ. ಎಬ್ಬಿಸುವಾಗ ಅದೇ ನಂಬರ್ ಬೇಕು. ಮೆಮೊರಿಯ ಪುಟಗಳು ಅವೇ ವಿಳಾಸಗಳಲ್ಲಿ ಕೂರಬೇಕು. ಆ ನಂಬರಿನಲ್ಲಿ ಆಗಲೇ ಬೇರೆ ಯಾರೋ ಇದ್ದರೆ ಕೆಲಸ ಕೆಡುತ್ತದೆ. ಯಾಕಿಷ್ಟು ಹಟ? ಒಳಗಿನ ಪ್ರೋಗ್ರಾಂ ತನ್ನ ಮಕ್ಕಳನ್ನು ಆ ನಂಬರಿನಿಂದಲೇ ಗುರುತು ಹಿಡಿಯುತ್ತದೆ. ತನ್ನ ನೆನಪುಗಳನ್ನು ಆ ವಿಳಾಸದಿಂದಲೇ ಹುಡುಕುತ್ತದೆ. ಹೆಸರು ಬದಲಾದರೆ ಸಂಸಾರವೇ ಕಳೆದುಹೋದ ಹಾಗೆ.

ಉತ್ಸವಗಳ ವೇದಿಕೆಯ ಮೇಲೆ ಇಪ್ಪತ್ತು ನಿಮಿಷಕ್ಕೆ ಇಳಿಸಿದ ಬಯಲಾಟ ನೋಡುವಾಗ ನನಗೆ ಈ ಹಟ ನೆನಪಾಗುತ್ತದೆ. ವೇಷ ಅದೇ, ಪದ ಅದೇ. ಬೆಳಗಿನವರೆಗೆ ಕೂರಬೇಕಾದ ರಾತ್ರಿ ಇಲ್ಲ, ರಾಜ ಒಡ್ಡೋಲಗಕ್ಕೆ ಬರುವಾಗ 'ಇವ ನಮ್ಮ ಓಣಿಯವ' ಎನ್ನುವ ಜನ ಇಲ್ಲ. ಆದರೂ ಕಲಾವಿದ ಸಾಲಿಗೆ ಸಾಲು ಬಿಡದೆ ಒಪ್ಪಿಸುತ್ತಾನೆ, ಗಡಿಯಾರ ನೋಡುವ ನಿರೂಪಕರ ಕಣ್ಣೆದುರು. ಇದು ಎಬ್ಬಿಸಿದ್ದಲ್ಲ. ಅದೇ ಇಮೇಜಿನಿಂದ ಬೇರೆಯೇ ಒಂದನ್ನು ಶುರು ಮಾಡಿದ್ದು. ಹಾಗೆ ಮಾಡುವುದು ತಪ್ಪೇನಲ್ಲ, ಕಲಾವಿದನಿಗೆ ಅದರಿಂದ ನಾಲ್ಕು ಕಾಸು ಸಿಗುತ್ತದೆ. ಅದನ್ನು 'ಪರಂಪರೆಯ ಪುನರುಜ್ಜೀವನ' ಎಂದು ಕರೆಯುವುದು ಮಾತ್ರ ತಪ್ಪು.

ಇನ್ನೊಂದು ವಿಷಯ ಕಾಲದ್ದು. ನಿಲ್ಲಿಸಿದ ಪ್ರೋಗ್ರಾಮಿಗೆ ತಾನು ನಿಂತಿದ್ದೆ ಎಂಬುದೇ ಗೊತ್ತಿರುವುದಿಲ್ಲ. ಹತ್ತು ದಿನ ಬಿಟ್ಟು ಎಬ್ಬಿಸಿದರೂ ಅದಕ್ಕೆ ಅದು ಮುಂದಿನ ಕ್ಷಣವೇ. ಯಂತ್ರದಿಂದ ಯಂತ್ರಕ್ಕೆ ಹೋದಾಗ ಒಳಗಿನ ಎಣಿಕೆ ಹಿಂದೆ ಮುಂದೆ ಜಿಗಿಯದಿರಲೆಂದು 2020ರ ಲಿನಕ್ಸ್ 5.6ರಲ್ಲಿ ಕಂಟೇನರಿಗೆ ತನ್ನದೇ ಆದ ಕಾಲದ ಲೆಕ್ಕವನ್ನು ಕೊಡುವ ವ್ಯವಸ್ಥೆ ಬಂತು. ಆದರೆ ಗೋಡೆಯ ಗಡಿಯಾರವನ್ನು ಯಾರೂ ತಡೆಯಲಾರರು. ಎದ್ದ ಪ್ರೋಗ್ರಾಂ ಕೈಯಲ್ಲಿ ಹಿಡಿದಿದ್ದ ಅನುಮತಿ ಚೀಟಿಯ ಅವಧಿ ಮುಗಿದಿರುತ್ತದೆ. ಕೂಡ್ಲಿಗಿ ಕಡೆಯ ಒಂದು ಹಳ್ಳಿಯಲ್ಲಿ ಹದಿನೈದು ವರ್ಷದ ಮೇಲೆ ಆಟ ಆಡಿಸಿದಾಗ ಸಾರಥಿ ಹಳೆಯ ಗೌಡರ ಹೆಸರು ಹಿಡಿದು ಹಳೆಯ ಚೇಷ್ಟೆಯನ್ನೇ ಮಾಡಿದ್ದನ್ನು ನೋಡಿದ್ದೇನೆ. ಗೌಡರು ಸತ್ತು ವರ್ಷಗಳಾಗಿದ್ದವು. ಯಾರೂ ನಗಲಿಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದ ಗೌಡರ ಮಗ ಸುಮ್ಮನೆ ಎದ್ದುಹೋದ.

*

ಇಷ್ಟೆಲ್ಲ ಹೊಗಳಿದ ಮೇಲೆ ಕ್ರಿಯುವನ್ನೂ ವಿಮರ್ಶೆಗೆ ಒಡ್ಡಬೇಕು. ಅದರಲ್ಲಿ ನನ್ನನ್ನು ಕಾಡುವುದು ಅದು ಒಳನುಗ್ಗುವ ರೀತಿ.

ಪ್ರೊಸೆಸ್ಸಿನ ಕೆಲವು ಸಂಗತಿಗಳನ್ನು ಹೊರಗಿನಿಂದ ತಿಳಿಯಲಾಗದು. ಅದಕ್ಕಾಗಿ ಕ್ರಿಯು ಆ ಪ್ರೊಸೆಸ್ಸಿನ ಒಳಕ್ಕೇ ಒಂದು ಸಣ್ಣ ಕೋಡ್ ತುಣುಕನ್ನು ಹೊಗಿಸುತ್ತದೆ. ಬರೆದವರೇ ಅದಕ್ಕೆ ಪ್ಯಾರಸೈಟ್ ಎಂದು ಹೆಸರಿಟ್ಟಿದ್ದಾರೆ, ಪರಾವಲಂಬಿ ಹುಳು. ಅದು ಒಳಗೆ ಕೂತು ಆ ಪ್ರೊಸೆಸ್ಸೇ ಮಾತಾಡುತ್ತಿದೆಯೇನೋ ಎಂಬಂತೆ ಎಲ್ಲ ವಿವರ ಹೇಳಿಸುತ್ತದೆ. ಕೆಲಸ ಮುಗಿದ ಮೇಲೆ ತನ್ನ ಗುರುತನ್ನು ಅಳಿಸಿಕೊಂಡು ಹೊರಬರುತ್ತದೆ. ಒಳಗಿನವನಿಗೆ ಏನೂ ಗೊತ್ತಾಗುವುದಿಲ್ಲ, ಗೊತ್ತಾಗಬಾರದು ಎಂಬುದೇ ಗುರಿ. ಹೀಗೆ ಬರೆದಿಟ್ಟ ಕಡತಗಳಲ್ಲಿ ಮೆಮೊರಿಯಲ್ಲಿದ್ದದ್ದೆಲ್ಲ ಇರುತ್ತದೆ: ಪಾಸ್‌ವರ್ಡ್, ಗುಪ್ತ ಕೀಲಿ, ಯಾರದೋ ಖಾಸಗಿ ಮಾತು. 2022ರ ಆಗಸ್ಟಿನಲ್ಲಿ ಬಂದ ಕುಬರ್ನೆಟಿಸ್ 1.25ರಲ್ಲಿ ಚೆಕ್‌ಪಾಯಿಂಟನ್ನು ಮೊದಲ ಬಾರಿಗೆ ಪ್ರಯೋಗಕ್ಕೆ ಇಟ್ಟಾಗ ಹೇಳಿದ ಉದ್ದೇಶವೇ ತನಿಖೆ. ಅನುಮಾನ ಬಂದ ಕಂಟೇನರಿಗೆ ತಿಳಿಯದಂತೆ ಅದರ ಪ್ರತಿ ತೆಗೆದು ಬೇರೆ ಕಡೆ ಬಿಚ್ಚಿ ನೋಡುವುದು.

ಪ್ರೋಗ್ರಾಮಿಗೆ ಮಾನ ಮರ್ಯಾದೆ ಇಲ್ಲ, ಅಲ್ಲಿ ಇದು ನಡೆಯುತ್ತದೆ. ಮನುಷ್ಯರ ನಡುವೆ ಇದೇ ಪದ್ಧತಿ ನಡೆದರೆ? ನಡೆದಿದೆ ಎನ್ನುವುದು ನನ್ನ ಅಳುಕು. ಬೀಸುವ ಕಲ್ಲಿನ ಮುಂದೆ ಹೆಂಗಸರು ತಮ್ಮ ತಮ್ಮಲ್ಲೇ ಹಾಡಿಕೊಂಡ, ಅತ್ತೆಯ ಮೇಲೋ ಗಂಡನ ಮೇಲೋ ಸಿಟ್ಟು ತೀರಿಸಿಕೊಂಡ ತ್ರಿಪದಿ, ಹೆಸರು ಊರು ಸಮೇತ ಪುಸ್ತಕಕ್ಕೆ ಹೋಗುವಾಗ ಹಾಡಿದಾಕೆಯನ್ನು ಯಾರಾದರೂ ಕೇಳಿದರೆ? ದೀಕ್ಷೆ ಪಡೆದವರು ದೇವಿಯ ಮುಂದೆ ಮಾತ್ರ ಹಾಡಬೇಕೆಂದುಕೊಂಡದ್ದು ಮೊಬೈಲಿಗೆ ಬಂದು ಊರೆಲ್ಲ ಸುತ್ತುವಾಗ? ಸಂಗ್ರಾಹಕರ ಆತ್ಮೀಯತೆಯನ್ನು ನಾವು ಹೊಗಳುತ್ತೇವೆ. ಮನೆಯವರಲ್ಲೊಬ್ಬರಾಗಿ ಬೆರೆತರು, ಹಾಡಿದವರಿಗೆ ರೆಕಾರ್ಡ್ ಆಗುತ್ತಿರುವುದೇ ಗೊತ್ತಾಗಲಿಲ್ಲ ಎನ್ನುತ್ತೇವೆ. ಅದು ಹೊಗಳಿಕೆಯ ಮಾತೋ ಅಲ್ಲವೋ ಎಂದು ಇನ್ನೊಮ್ಮೆ ಯೋಚಿಸಬೇಕು. ಹೊರಗಿನ ಸಂಬಂಧಗಳ ವಿಷಯದಲ್ಲಿ ಸಂಗ್ರಾಹಕ ಕ್ರಿಯುವಿನಿಂದ ಕಲಿಯಬೇಕು. ಒಳಗೆ ಹೋಗುವ ವಿಷಯದಲ್ಲಿ ಕಲಿಯಬಾರದು. ಮನುಷ್ಯನ ಸ್ಥಿತಿಯನ್ನು ಅವನನ್ನು ಕೇಳದೆ ಬರೆದಿಡುವುದು ಉಳಿಸುವುದಲ್ಲ, ಕದಿಯುವುದು.

*

ಈಗ ನನ್ನ ತಪ್ಪು. ಸಣ್ಣಜ್ಜ ತೀರಿಕೊಂಡ ಮೇಲೆ ಅವರ ಆಟದ ನೋಟ್‌ಬುಕ್ ನನ್ನ ಕೈಗೆ ಬಂತು. ಕೆಂಪು ಬಟ್ಟೆಯ ರಟ್ಟು, ಎಣ್ಣೆ ಹಿಡಿದ ಹಾಳೆ. ಬೆಂಗಳೂರಿಗೆ ತಂದು ಮೂರು ತಿಂಗಳು ಕೂತು ಕಂಪ್ಯೂಟರಿಗೆ ಟೈಪು ಮಾಡಿದೆ. ಹೊಸ ಕಾಲದವನು, ಸಾಫ್ಟ್‌ವೇರಿನವನು, ಪರಂಪರೆ ಉಳಿಸುತ್ತಿದ್ದೇನೆ ಎಂಬ ಹೆಮ್ಮೆ ಬೇರೆ. ಪುಟಗಳ ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿದ ಸಣ್ಣ ಸಣ್ಣ ಬರಹಗಳಿದ್ದವು. ಒಂದು ಕಡೆ ತಾರೀಕು, ಒಂದು ಕಡೆ ಒಬ್ಬನ ಹೆಸರು ಮತ್ತು 'ಬಂದಿಲ್ಲ', ಇನ್ನೊಂದು ಕಡೆ 'ಇಲ್ಲಿ ತಡಿ', ಮತ್ತೊಂದು ಕಡೆ 'ಮಳೆ ಬಂತು, ಎದ್ವಿ'. ಅವು ಆಟದ ಭಾಗವಲ್ಲವೆಂದು ಬಿಟ್ಟೆ. ಹಾಳೆಗಳು ಉದುರುತ್ತಿದ್ದವೆಂದು ನೋಟ್‌ಬುಕ್ಕನ್ನು ಬೈಂಡಿಂಗಿಗೆ ಕೊಟ್ಟೆ, ನೀಟಾಗಿ ಮಾಡಿ ಎಂದೆ. ಅವರು ಹೇಳಿದಂತೆಯೇ ಮಾಡಿದರು. ಮೂರೂ ಬದಿಯ ಅಂಚುಗಳನ್ನು ಸಮವಾಗಿ ಕತ್ತರಿಸಿ ಕೊಟ್ಟರು.

ಸಣ್ಣಜ್ಜ ನನಗೆ ಅವತ್ತು ತೋರಿಸಿದ್ದು ಆ ಅಂಚನ್ನು. ಪದಗಳು ಇಮೇಜ್, ಅಂಚಿನ ಗೀಚು ಚೆಕ್‌ಪಾಯಿಂಟ್. ಇದು ಹೊಳೆಯುವ ಹೊತ್ತಿಗೆ ನನ್ನ ಬಳಿ ಅಚ್ಚುಕಟ್ಟಾದ ಒಂದು ಫೈಲು, ಅಚ್ಚುಕಟ್ಟಾದ ಒಂದು ಪುಸ್ತಕ ಇದ್ದವು. ಆಟ ಎಲ್ಲಿಗೆ ನಿಂತಿತ್ತು ಎಂಬುದು ಎರಡರಲ್ಲೂ ಇರಲಿಲ್ಲ.

ಮುಂದೆ ಈ ಕೆಲಸ ಮಾಡುವವರಲ್ಲಿ ಒಂದೇ ಕೋರಿಕೆ. ಪಠ್ಯದ ಜೊತೆ ಒಂದು ನಿರಾಕರಣೆಯ ಪುಟವನ್ನೂ ಅಚ್ಚು ಮಾಡಿ. ಯಾವ ಹಗ್ಗದ ತುದಿ ಯಾರ ಕೈಯಲ್ಲಿತ್ತು, ಅವರಲ್ಲಿ ಯಾರು ಇದ್ದಾರೆ, ಯಾರು ಇಲ್ಲ, ಯಾವುದನ್ನು ಬರೆಯಬೇಡವೆಂದು ಹಾಡಿದವರು ಹೇಳಿದರು, ಯಾವುದು ನಮ್ಮ ಕೈಗೆ ಸಿಗಲಿಲ್ಲ. ಅಂಚನ್ನು ಕತ್ತರಿಸಬೇಡಿ.

ಹೋದ ಯುಗಾದಿಗೆ ಊರಿಗೆ ಹೋದಾಗ, ಆ ಕಾಲದಲ್ಲಿ ಸಾರಥಿಯ ಪಾತ್ರ ಮಾಡುತ್ತಿದ್ದ ದೊಡ್ಡಪ್ಪನ ಮುಂದೆ ಕೂತು ಫೈಲು ತೆರೆದೆ. ಕಣ್ಣು ಮಂಜಾಗಿದೆ, ಓದಿ ಹೇಳು ಅಂದರು. ನಾಲ್ಕು ಪದ ಓದಿದೆ. ತಲೆದೂಗಿದರು. ಕೊನೆಯ ಸಲದ ತಾಲೀಮು ಎಲ್ಲಿಗೆ ನಿಂತಿತ್ತು, ನೆನಪಿದೆಯಾ ಎಂದು ಕೇಳಿದೆ.

"ಅದಿರ್ಲಿ ತಮ್ಮಾ," ಅಂದರು. "ಮೊದ್ಲು ನಾವು ಯಾರ್ ಯಾರು ಉಳಿದೀವಿ, ಅದನ್ನ ಬರ್ಕೋ."

ಬರೆದುಕೊಂಡೆ. ಹದಿನೆಂಟು ಪಾತ್ರಕ್ಕೆ ಏಳು ಹೆಸರು ಸಿಕ್ಕವು. ಅದರಲ್ಲಿ ಇಬ್ಬರು ಕೂಲಿಗೆಂದು ಮಂಗಳೂರು ಕಡೆ ಹೋದವರು, ಫೋನ್ ಮಾಡಿದರೆ ಬರುತ್ತಾರಂತೆ.